ಐದನೆಯ ಯಾಕೆ

“ಈ ಬಿರುಕು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ ಅಕ್ಕಾ?”

ಕ್ವಾಲಿಟಿ ಮೇಷ್ಟ್ರು ಮಾರುದ್ದದ ಗ್ಯಾಸ್ ಪೈಪನ್ನು ತಮ್ಮ ಮೇಜಿನ ದೀಪದ ಪಕ್ಕ ಬಗ್ಗಿಸಿ ಹಿಡಿದರು. ರಬ್ಬರಿನ ಮೈಮೇಲೆ ಕೂದಲೆಳೆಯಂಥ ಸೀಳೊಂದು ಬಾಯಿ ಬಿಟ್ಟಿತು. ಅದರ ಪಕ್ಕದಲ್ಲೇ ಅಕ್ಕನ ಏಳನೇ ನಂಬರಿನ ‘ಪಾಸ್’ ಮೊಹರು ಅಚ್ಚುಕಟ್ಟಾಗಿ ಕೂತಿತ್ತು. ಪೈಪು ಹೋದ ವಾರ ಯಾರದೋ ಅಡುಗೆಮನೆಯಿಂದ ವಾಪಸು ಬಂದಿತ್ತು. ಒಲೆ ಹಚ್ಚಲು ಹೋದ ಹೆಂಗಸಿನ ಎರಡೂ ಕೈ ಮೊಣಕೈವರೆಗೆ ಸುಟ್ಟಿವೆ ಎಂದು ಜೊತೆಗೆ ಬಂದ ಕಾಗದದಲ್ಲಿತ್ತು.

ಅಕ್ಕನೆಂದರೆ ಇಡೀ ಫ್ಯಾಕ್ಟರಿಗೇ ಅಕ್ಕ. ಇಪ್ಪತ್ತೆರಡು ವರ್ಷದಿಂದ ಚೆಕಿಂಗ್ ಟೇಬಲ್ಲಿನ ಮುಂದೆ ಕೂತು, ಒಂದೊಂದು ಪೈಪನ್ನೂ ಮರದ ಗೂಟಕ್ಕೆ ಸುತ್ತಿ ನೋಡಿ ಮೊಹರು ಒತ್ತುವವಳು. ಅವಳು ಕಾಗದವನ್ನು ಎರಡು ಸಲ ಓದಿದಳು.

“ಆಯಮ್ಮ ಈಗ ಹೇಗಿದ್ದಾರೆ ಸಾರ್?”

“ಆಸ್ಪತ್ರೇಲಿದ್ದಾರೆ. ನೀವು ಮೊದಲು ಇದಕ್ಕೆ ಸೈನ್ ಹಾಕಿ.”

ಅವರು ಮುಂದಕ್ಕೆ ತಳ್ಳಿದ್ದು ಅವರೇ ತಯಾರಿಸಿದ್ದ ಫಾರಂ. ಅವರಿಗೆ ಮೇಷ್ಟ್ರು ಎಂಬ ಅಡ್ಡಹೆಸರು ಬಂದಿದ್ದೂ ಅದರಿಂದಲೇ. ಪ್ರತಿ ಶನಿವಾರ ಕರಿಹಲಗೆಯ ಮುಂದೆ ನಿಂತು, “ತಪ್ಪು ಕಂಡ್ರೆ ಯಾರು ಅಂತ ಕೇಳ್ಬೇಡಿ, ಯಾಕೆ ಅಂತ ಕೇಳಿ. ಒಂದು ಸಲ ಅಲ್ಲ, ಐದು ಸಲ ಕೇಳಿ. ಆಗ ಬೇರು ಸಿಗುತ್ತೆ” ಎಂದು ಕೆಲಸದವರಿಗೆಲ್ಲ ಪಾಠ ಮಾಡುತ್ತಿದ್ದರು. ಫಾರಮ್ಮಿನಲ್ಲಿ ಐದು ‘ಯಾಕೆ’ಗೆ ಐದು ಗೆರೆ. ಇವತ್ತು ಮಾತ್ರ ಮೊದಲನೆಯದಕ್ಕೇ ಮುಗಿಸಿಬಿಡುವ ಮನಸ್ಸು ಅವರಿಗಿತ್ತು. ಯಜಮಾನರಿಗೆ ನಾಲ್ಕು ಗಂಟೆಯೊಳಗೆ ಒಂದು ತಲೆದಂಡ ಬೇಕಿತ್ತು. ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರ ಟೈಪಾಗಿ, ಪೇಪರ್‌ವೇಟಿನ ಕೆಳಗೆ ಸಹಿಗೆ ಕಾಯುತ್ತಿತ್ತು. ಅದು ಅಕ್ಕನಿಗೂ ಕಾಣುತ್ತಿತ್ತು. ಮೊದಲ ಗೆರೆಯಲ್ಲಿ ಮೇಷ್ಟ್ರು ಆಗಲೇ ಬರೆದಿದ್ದರು: ‘ಬಿರುಕಿದ್ದ ಪೈಪು ಯಾಕೆ ಹೊರಗೆ ಹೋಯಿತು? ಚೆಕ್ ಮಾಡಿದವರ ಕಣ್ತಪ್ಪು.’

ಅಕ್ಕ ಪೆನ್ನು ಮುಟ್ಟಲಿಲ್ಲ.

“ಕಣ್ತಪ್ಪು ನನ್ನದೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಇನ್ನೂ ನಾಲ್ಕು ಗೆರೆ ಖಾಲಿ ಇದೆಯಲ್ಲ. ನೀವೇ ಕಲಿಸಿದ್ದು. ಕೇಳಿ.”

ಮೇಷ್ಟ್ರು ಗಡಿಯಾರ ನೋಡಿದರು. ಮೂರೂ ಕಾಲು. ಕೇಳದೆ ಬಿಟ್ಟರೆ ಶನಿವಾರದ ಪಾಠಕ್ಕೆ ಯಾವ ಮುಖ ಹೊತ್ತು ನಿಲ್ಲುವುದು? “ಸರಿ, ಯಾಕೆ ಕಣ್ತಪ್ಪಿತು?” ಎಂದರು.

“ಕಾಣ್ಲಿಲ್ಲ. ಈ ಬಿರುಕು ಇಲ್ಲಿ ಕಾಣುತ್ತೆ ಸಾರ್, ನನ್ನ ಟೇಬಲ್ ಮೇಲೆ ಕಾಣಲ್ಲ.”

“ಅಲ್ಲಿ ಯಾಕೆ ಕಾಣಲ್ಲ?”

“ಅಲ್ಲಿರೋದು ಮೇಲಿನ ಟ್ಯೂಬ್‌ಲೈಟು ಒಂದೇ. ಇಷ್ಟು ಸಣ್ಣ ಸೀಳು ಕಾಣ್ಬೇಕಾದ್ರೆ ಬೆಳಕು ಪಕ್ಕದಿಂದ ಬೀಳ್ಬೇಕು. ಪಕ್ಕದಲ್ಲಿ ಒಂದು ದೀಪ ಇತ್ತು. ಈಗಿಲ್ಲ.”

“ಯಾಕಿಲ್ಲ?”

ಹೇಳಲು ಅಕ್ಕನಿಗೆ ನಿಜಕ್ಕೂ ಸಂಕಟವಾಗಿತ್ತು.

“ದೀಪ ಹಾಕಿದ ತಿಂಗಳು, ನೂರಕ್ಕೆ ಎರಡಿದ್ದ ರಿಜೆಕ್ಟು ಆರಾಯ್ತು. ಯಜಮಾನರು ಕೂಗಾಡಿದ್ರು. ಗೆರೆ ಕಂಡಿದ್ದನ್ನೆಲ್ಲ ಬಿರುಕು ಅಂತೀರ ಅಂತ ನೀವು ನನ್ನ ಬೈದು, ದೀಪ ತೆಗೆಸಿದ್ರಿ. ಮಾರನೇ ತಿಂಗಳು ರಿಜೆಕ್ಟು ಒಂದಕ್ಕೆ ಇಳೀತು. ನೀವು ಎಲ್ಲರಿಗೂ ಸಿಹಿ ಹಂಚಿದ್ರಿ ಸಾರ್.”

ಮೇಷ್ಟ್ರ ಕಣ್ಣು ಮೇಜಿನ ದೀಪದತ್ತ ಹೋಯಿತು. ಬೇಕಾದ ಕಡೆ ಬಗ್ಗುವ ಉದ್ದ ಕತ್ತಿನ ದೀಪ. ಸ್ಟೋರಿಗೆ ಹಾಕಿ ಯಾಕೆ ಹಾಳು ಮಾಡುವುದೆಂದು ಅವರೇ ಅಂದು ತಮ್ಮ ಕೋಣೆಗೆ ತರಿಸಿಕೊಂಡಿದ್ದರು. ಅದರ ಬೆಳಕಿನಲ್ಲಿ, ದೋಷ ಇಳಿಸಿದ ಸಾಧನೆಗೆಂದು ಯಜಮಾನರು ಕೊಟ್ಟ ಫಲಕ ಫಳಫಳ ಹೊಳೆಯುತ್ತಿತ್ತು. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅವರು ಪ್ಲಗ್ ಕಿತ್ತು, ದೀಪವನ್ನು ಎತ್ತಿಕೊಂಡು ದಡದಡನೆ ಚೆಕಿಂಗ್ ಟೇಬಲ್ಲಿಗೆ ಹೋದರು. ಹಿಂದೆಯೇ ಅಕ್ಕ. ಲಾರಿಗೆ ಹೋಗಲು ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ, ಮೊಹರು ಬಿದ್ದ ಪೈಪುಗಳನ್ನು ಒಂದೊಂದಾಗಿ ಗೂಟಕ್ಕೆ ಸುತ್ತಿ, ಪಕ್ಕದಲ್ಲಿ ಹಚ್ಚಿಟ್ಟ ದೀಪದ ಬೆಳಕಿನಲ್ಲಿ ನೋಡಿದರು. ಹದಿನಾಲ್ಕನೆಯದು ಬಾಯಿ ಬಿಟ್ಟಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಲಾರಿ ನಿಲ್ಸಿ!” ಎಂದು ಮೇಷ್ಟ್ರು ಗೇಟಿನ ಕಡೆ ಕೂಗಿದ್ದು ಇಡೀ ಫ್ಯಾಕ್ಟರಿಗೆ ಕೇಳಿಸಿತು. ಯಂತ್ರದವರು ತಿರುಗಿ ನೋಡಿದರು. ಮೇಷ್ಟ್ರು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಅಲ್ಲೇ ನಿಂತು, ಫಾರಮ್ಮನ್ನು ತರಿಸಿ ಟೇಬಲ್ಲಿನ ಮೇಲೆ ಹರಡಿಕೊಂಡರು. ಉಳಿದ ಗೆರೆಗಳನ್ನು ಅಕ್ಕ ಹೇಳಿದಂತೆಯೇ ತುಂಬಿದರು. ಐದನೆಯದು ಬಂದಾಗ ಪೆನ್ನು ನಿಂತಿತು.

“ಬಿರುಕು ಕಾಣ್ತಿದ್ದ ದೀಪಾನ ಯಾಕೆ ತೆಗೆಸಿದ್ರು?” ಎಂದು ತಾವೇ ಓದಿಕೊಂಡರು.

“ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಸಾರ್,” ಎಂದಳು ಅಕ್ಕ.

“ನನ್ನ ಹತ್ರ ಇದೆ,” ಎಂದು ಮೇಷ್ಟ್ರು ಬರೆದರು: ‘ದೋಷ ಇಳಿಯದಿದ್ದರೂ ಲೆಕ್ಕದಲ್ಲಿ ಇಳಿದರೆ ಸಾಕೆಂದುಕೊಂಡೆ. ತೆಗೆಸಿದವನು ನಾನು.’ ಕೆಳಗೆ ತಮ್ಮದೇ ಸಹಿ ಹಾಕಿದರು. ಟೈಪಾಗಿದ್ದ ಪತ್ರವನ್ನು ತರಿಸಿ ಎರಡು ತುಂಡು ಮಾಡಿದರು.

ಇನ್ನೊಂದು ಖಾನೆ ಉಳಿದಿತ್ತು: ‘ಗಿರಾಕಿಗಳಿಂದ ವಾಪಸು ತರಿಸಬೇಕಾದ ಮಾಲು.’

“ದೀಪ ತೆಗೆದು ಎಷ್ಟು ದಿನ ಆಯ್ತು ಅಕ್ಕಾ?”

“ಏಳು ತಿಂಗಳಾಯ್ತು ಸಾರ್. ದಿನಕ್ಕೆ ಎಂಟುನೂರು ಪೈಪು ಹೋಗಿದೆ.”

ಮೇಷ್ಟ್ರು ಫಾರಮ್ಮಿನ ಅಂಚಿನಲ್ಲೇ ಗುಣಿಸಿದರು; ಲೆಕ್ಕ ಲಕ್ಷ ದಾಟಿತು. ಫಾರಂ ತಯಾರಿಸಿದ ದಿನ, ಅಂಕಿಗೊಂದರಂತೆ ಅವರು ಆ ಖಾನೆಯಲ್ಲಿ ಇಟ್ಟಿದ್ದ ಚೌಕಗಳು ಎರಡೇ ಎರಡು.