ಮೊದಲು ಪಾಲಿಶ್

ಕಪ್ಪು ಕಾರಿನ ಎಡಬಾಗಿಲಿನ ಮೇಲೆ ಒಂದು ಗೀರು. ಮೂರು ವಾರದಿಂದ ಕಾರಿನ ಮಾಲೀಕ ಅದರ ಬೆನ್ನು ಬಿದ್ದಿದ್ದ. ಒಂದು ದಿನ ಗೀರು ಮರೆಮಾಡುವ ಗ್ಲೇಜ್ ಹಚ್ಚಿ ಅದರ ಮೇಲೆ ವ್ಯಾಕ್ಸ್, ಇನ್ನೊಂದು ದಿನ ಆ ವ್ಯಾಕ್ಸಿನ ಮೇಲೆ ಬೇರೆ ಕಂಪನಿಯ ಗ್ಲೇಜ್. ಹಚ್ಚಿದಾಗ ಮಾಯವಾಗುತ್ತಿದ್ದ ಗೀರು ಎರಡು ಸಲ ತೊಳೆದರೆ ಮತ್ತೆ ಎದ್ದು ಕಾಣುತ್ತಿತ್ತು. ಸಾಕಾಗಿ ಊರಾಚೆಯ ಪೇಂಟಿಂಗ್ ಶೆಡ್ಡಿಗೆ ಬಂದ.

“ಹೋದ ವಾರಾನೂ ಬಂದಿದ್ದೆ. ಬೀಗ ಹಾಕಿತ್ತು.”

“ಮನೇಲಿ ಸಾವಾಗಿತ್ತು ಸಾರ್. ಇವತ್ತೇ ತೆಗೆದಿದ್ದು.” ಪೇಂಟರ್ ಬಗ್ಗಿ ಬಾಗಿಲಿನ ಮೇಲೆ ಬೆರಳಾಡಿಸಿದ. “ಪಾಲಿಶ್ ಹಾಕಿ ಉಜ್ಜಲೇ ಇಲ್ವಾ?”

“ಉಜ್ಜಿದ್ರೆ ಇದ್ದ ಬಣ್ಣಾನೂ ಹೋಗುತ್ತೇನೋ ಅಂತ ಭಯ ಆಯ್ತು.”

“ಮೊದಲು ಪಾಲಿಶ್, ಆಮೇಲೆ ಗ್ಲೇಜ್, ಕೊನೇಲಿ ವ್ಯಾಕ್ಸ್. ಪಾಲಿಶ್ ಒಂದೇ ಕೊಳೆ ತೆಗೆಯೋದು. ಮಿಕ್ಕಿದ್ದೆರಡೂ ಬರೀ ಮುಚ್ತವೆ, ಒಳಗಿರೋದು ಹಾಗೇ ಇರುತ್ತೆ. ಎಲ್ಲಿ ತಾಗಿಸಿದ್ರಿ?”

“ಮನೆ ಗೇಟಿಗೆ.”

ಪೇಂಟರ್ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಮೂರು ವಾರದ ಪದರಗಳನ್ನು ಒಂದೊಂದಾಗಿ ಒರೆಸುತ್ತ ಹೋದ. ಗೀರಿನ ಆಳದಲ್ಲಿ ಕಡು ನೇರಳೆ ಬಣ್ಣದ ಒಂದು ಎಳೆ ಅಂಟಿಕೊಂಡಿತ್ತು. ಅವನ ಕೈ ನಿಂತಿತು.

“ಗೇಟು ಯಾವ ಬಣ್ಣ ಸಾರ್?”

“ಇದೇ, ನೇರಳೆ. ಅಂಗಡೀಲಿ ಸಿಗುತ್ತಲ್ಲ, ಅದೇ.”

ಪೇಂಟರ್ ಎದ್ದು ಹೋಗಿ ಶೆಡ್ಡಿನ ಷಟರನ್ನು ಒಳಗಿನಿಂದ ಎಳೆದ.

“ಈ ಬಣ್ಣ ಯಾವ ಅಂಗಡೀಲೂ ಸಿಗಲ್ಲ. ನನ್ನ ಮಗಳ ಸ್ಕೂಟರಿಗೆ ಅಂತ ನಾನೇ ಕಲಸಿದ್ದು.”