ನಲ್ಲಿ ಬಿಟ್ಟು ಆಡುವ ಮಾತು

“ಮೊದಲು ನಲ್ಲಿ ಬಿಡು,” ಎಂದ ಮುದುಕ, ಆಸ್ಪತ್ರೆಯ ಮಂಚದ ಮೇಲಿಂದ.

ಮಗಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮೂವತ್ತು ವರ್ಷದ ಹಿಂದೆ ಸಿಪಾಯಿಗಳು ಎಳೆದೊಯ್ದ ಅಣ್ಣ ಏನಾದ ಎಂಬುದು ಅಪ್ಪನಿಗೊಬ್ಬನಿಗೇ ಗೊತ್ತಿತ್ತು. ಇವತ್ತು ಹೇಳುತ್ತೇನೆಂದು ತಾನೇ ಕರೆಸಿದ್ದ. ಇನ್ನೆರಡು ದಿನ ಎಂದಿದ್ದರು ಡಾಕ್ಟರು. ಸಿಪಾಯಿಗಳ ಆ ಸರ್ಕಾರವಿದ್ದಾಗ ಊರಿಗೆ ಊರೇ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲೇ ಮನೆಯ ಮಾತು ಆಡುತ್ತಿತ್ತು. ಸರ್ಕಾರ ಹೋದರೂ ಅಪ್ಪನ ಚಾಳಿ ಹೋಗಲಿಲ್ಲ. ಅವಳ ಮದುವೆ ಮಾತುಕತೆಗೇ ಎರಡು ಡ್ರಮ್ಮು ನೀರು ಖರ್ಚಾಗಿತ್ತು.

“ಅಪ್ಪ, ಅವರು ತೊಲಗಿ ಇಪ್ಪತ್ತೆರಡು ವರ್ಷ ಆಯ್ತು. ಈಗ ಯಾರೂ ಕದ್ದು ಕೇಳಲ್ಲ.”

“ನಿಮ್ಮಣ್ಣನೂ ಹೀಗೇ ಅಂತಿದ್ದ.”

“ಗೋಡೆಗೆ ಕಿವಿ ಇದೆ ಅಂತೀಯಾ?”

“ನಲವತ್ತು ವರ್ಷ ಗಾರೆ ಕೆಲಸ ಮಾಡ್ದೋನು ನಾನು. ಗೋಡೆ ವಿಷಯ ನನಗೆ ಹೇಳಬೇಡ.”

ಗಾಲಿಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ತಳ್ಳಿಕೊಂಡು ಹೋದಳು. ಅಲ್ಲಿದ್ದದ್ದು ಕೈ ಒಡ್ಡಿದರಷ್ಟೇ ನೀರು ಬಿಡುವ ಹೊಸ ನಲ್ಲಿ. ಕೈ ತೆಗೆದರೆ ನೀರು ನಿಲ್ಲುತ್ತಿತ್ತು, ಅಪ್ಪನ ಬಾಯಿಯೂ ಮುಚ್ಚುತ್ತಿತ್ತು. ಕೊನೆಗೆ ಎರಡೂ ಕೈ ಅದರ ಕೆಳಗೇ ಹಿಡಿದು ಬಗ್ಗಿ ನಿಂತಳು. ಬೆರಳು ಮರಗಟ್ಟಿದವು.

“ಚೌಕದಲ್ಲಿ ಬಾವುಟದ ಕಟ್ಟೆ ಇದೆಯಲ್ಲ, ಕಟ್ಟಿದ್ದು ನಾನು. ಸಿಪಾಯಿಗಳು ಕರ್ಕೊಂಡು ಹೋಗಿ, ಗುಂಡಿ ಮುಚ್ಚಿ ಕಟ್ಟೆ ಕಟ್ಟು ಅಂದ್ರು. ಮಣ್ಣಲ್ಲಿ ಒಂದು ತೋಳು ಕಾಣ್ತಿತ್ತು. ನಿಮ್ಮಮ್ಮ ಹೊಲಿದ ಅಂಗಿ.” ಉಸಿರೆಳೆದುಕೊಂಡ. “ಆಗಲ್ಲ ಅನ್ನೋಣ ಅಂದ್ರೆ ಮನೇಲಿ ನೀನಿದ್ದೆ, ಹನ್ನೊಂದು ವರ್ಷದೋಳು. ಕಟ್ಟಿದೆ. ಒಂದಿಷ್ಟೂ ಸೊಟ್ಟ ಆಗದ ಹಾಗೆ ಕಟ್ಟಿದೆ, ಮಗಳೇ.”

ಆ ಸರ್ಕಾರ ಬಿದ್ದ ದಿನವೆಂದು ವರ್ಷವರ್ಷವೂ ಊರೆಲ್ಲ ಆ ಕಟ್ಟೆಯ ಸುತ್ತಲೇ ನಿಂತು ಚಪ್ಪಾಳೆ ತಟ್ಟುತ್ತದೆ. ಅವಳೂ ತಟ್ಟಿದ್ದಾಳೆ, ಮಕ್ಕಳ ಕೈಯಲ್ಲೂ ತಟ್ಟಿಸಿದ್ದಾಳೆ. ಅಪ್ಪ ಮಾತ್ರ ಒಮ್ಮೆಯೂ ಬಂದವನಲ್ಲ. ಈಗಲೇ ಓಡಿಹೋಗಿ ಚೌಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು ಅನ್ನಿಸಿತು.

ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಇಪ್ಪತ್ತು ದಾಟದ, ಹಳೇ ಸರ್ಕಾರವನ್ನು ಪಾಠದ ಪುಸ್ತಕದಲ್ಲಷ್ಟೇ ನೋಡಿದ್ದ ಹುಡುಗಿ.

“ಇಷ್ಟೊತ್ತು ಏನಕ್ಕ ಗುಟ್ಟು? ಏನಂದ್ರು ತಾತ?”

ಮಗಳು ಹುಡುಗಿಯ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದಳು.

“ಏನಿಲ್ಲಮ್ಮ. ನೀರು ಕೇಳಿದ್ರು, ಅಷ್ಟೆ.”