ಇಪ್ಪತ್ನಾಲ್ಕು ನಂಬರಿನ ಜೆಟ್

ಶಾಹೀನ ಮೇಲಿನ ಹಲಗೆಯಿಂದ ತಗಡಿನ ಡಬ್ಬಿ ಇಳಿಸಿದಾಗ ಪಕ್ಕದ ಪಂಕ್ಚರ್ ಅಂಗಡಿಯ ದತ್ತಪ್ಪ ಕೈಯಲ್ಲಿದ್ದ ಟ್ಯೂಬು ಬಿಟ್ಟು ಎದ್ದ. ಅದರಲ್ಲಿದ್ದದ್ದು ಅವಳ ಗಂಡ ಖಮರನ ಪ್ರಾಣ ತೆಗೆದ ಬೈಕಿನ ಚೂರುಗಳು.

ರೇಸಿನ ಬೈಕಿಗೆ ನೈಟ್ರಸ್ ಗ್ಯಾಸ್ ಕೂಡಿಸುವುದರಲ್ಲಿ ಖಮರ ಆಳಂದಕ್ಕೇ ಉಸ್ತಾದ. ಗುಂಡಿ ಒತ್ತಿದರೆ ಗ್ಯಾಸ್ ನುಗ್ಗಿ ಬೈಕು ಹಾರುತ್ತದೆ. ಆದರೆ ಗ್ಯಾಸಿಗೆ ತಕ್ಕಷ್ಟು ಪೆಟ್ರೋಲೂ ನುಗ್ಗಬೇಕು. ಕಡಿಮೆಯಾಯಿತೋ, ಪಿಸ್ಟನ್ ಕರಗಿ, ಎಂಜಿನ್ ಜಾಮಾಗಿ, ಸವಾರನ ಕತೆ ಮುಗಿದಂತೆ. ಆ ಅಳತೆ ಕಾಯುವುದು ಜೆಟ್ ಎಂಬ ಹಿತ್ತಾಳೆಯ ಚೂರು, ಅದರ ಸೂಜಿಮೊನೆಯಷ್ಟು ತೂತು; ತೂತಿನ ಅಳತೆಯೇ ಜೆಟ್ಟಿನ ಮೇಲೆ ಕೊರೆದ ನಂಬರು. ಎಂಟು ತಿಂಗಳ ಹಿಂದೆ ನರೋಣಾ ರಸ್ತೆಯ ರೇಸಿನಲ್ಲಿ ಖಮರ ಬೈಕಿನಿಂದ ಬಿದ್ದು ಸತ್ತಾಗ ಊರಿಗೆಲ್ಲ ಒಂದೇ ಮಾತು: ‘ಉಸ್ತಾದನೇ ಅಳತೆ ತಪ್ಪಿದ.’ ಆ ಮಾತು ಶಾಹೀನಳನ್ನು ಸುಡುತ್ತಿತ್ತು. ದಿನಾ ಬೆಳಿಗ್ಗೆ ಆ ಬೈಕಿನ ಜೆಟ್ಟನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

ಈಗ ಗ್ಯಾರೇಜು ಅವಳದೇ. ಇಂದು ನೈಟ್ರಸ್ ಕೂಡಿಸಲು ಬೈಕು ತಂದವನು ಜಗದೇವ. ಖಮರ ಇರುವತನಕ ಒಂದೂ ರೇಸು ಗೆಲ್ಲದವನು. ಸವಾರಿ ಮಾತ್ರ ಜೊತೆಗೆ ಬಂದಿದ್ದ ತಮ್ಮ ದಿಲೀಪನದು; ಅವನು ಮೈಯಲ್ಲಿ ಹಗುರ.

“ಭಾಭಿ, ಖಮರ ಭಾಯಿ ಕೈಗುಣ ನಿಮಗೂ ಬಂದೈತ್ರಿ,” ಜಗದೇವ ನಕ್ಕ.

“ಬರಬೇಕಲ್ರಿ. ಅವರು ಬ್ಯಾರೆ ಏನ್ ಬಿಟ್ಟು ಹೋಗ್ಯಾರ?”

ಅವಳು ಬೆನ್ನು ತಿರುಗಿಸಿ ಜೆಟ್ ಬಿಗಿದಳು. ದತ್ತಪ್ಪ ಹತ್ತಿರ ಸರಿದು ಪಿಸುಗುಟ್ಟಿದ: “ಯವ್ವಾ, ಆ ಡಬ್ಬಿ ಯಾಕ ತೆಗದಿ? ಆ ಹುಡುಗ ಏನ್ ಪಾಪ ಮಾಡ್ಯಾನ?”

“ಕಾಕಾ, ಇಲ್ಲೇ ನಿಂದರ್ರಿ. ಎಲ್ಲೂ ಹೋಗಬ್ಯಾಡ್ರಿ.”

ದಿಲೀಪ ಹೆಲ್ಮೆಟ್ ಬಿಗಿದು ಬೈಕು ಚಾಲೂ ಮಾಡಿದ. ಹೆಬ್ಬೆರಳು ಗುಂಡಿಯ ಮೇಲೆ.

“ನಸೀಬದಾರ ಇದ್ದಿ ನೋಡಪ್ಪ,” ಎಂದಳು ಶಾಹೀನ. “ನಮ್ಮವರ ಬೈಕಿನಾಗಿದ್ದ ಜೆಟ್ಟೇ ಹಾಕೇನಿ.”

“ಉಸ್ತಾದರದಾ? ಹಂಗಾದ್ರ ಗೆದ್ದಂಗೇ ಬಿಡ್ರಿ!”

ಜಗದೇವನ ನಗೆ ಆರಿತು. “ಅದು ಬ್ಯಾಡ. ಬ್ಯಾರೆ ಹಾಕ್ರಿ.”

“ಯಾಕ್ರಿ? ಇಪ್ಪತ್ನಾಲ್ಕು ನಂಬರ್ ಐತಿ. ನಿಮ್ಮ ಎಂಜಿನ್ನಿಗೆ ಅದೇ ಬೇಕು. ನಡಿ ದಿಲೀಪ, ಒಂದು ಸುತ್ತು ಹಾಕಿ ಬಾ.”

ದಿಲೀಪ ಕ್ಲಚ್ ಬಿಟ್ಟ. ದತ್ತಪ್ಪ ಅಡ್ಡ ಓಡಿದ. ಅವನಿಗಿಂತ ಮೊದಲೇ ಜಗದೇವ ಹ್ಯಾಂಡಲಿಗೆ ಜೋತುಬಿದ್ದು ಕೀಲಿ ಕಿತ್ತು ಎಸೆದ.

“ಇಳಿ ಲೇ! ಸಾಯ್ತಿ!”

“ನಂಬರ್ ಸರಿ ಐತಲ್ಲಣ್ಣಾ?”

“ನಂಬರ್ ಸರಿ ಐತಿ, ತೂತಿನಾಗ ಬೆಸುಗಿ ತುಂಬೇತಿ ಲೇ ಹುಚ್ಚಾ!”

ದಿಲೀಪ ನಿಧಾನವಾಗಿ ಹೆಲ್ಮೆಟ್ ತೆಗೆದು ಅಣ್ಣನ ಮುಖ ನೋಡಿದ.

ಶಾಹೀನ ಕೈ ಒರೆಸಿಕೊಂಡಳು. “ಇದು ನಿನ್ನೆ ಕೊರಿಯರಿನಾಗ ಬಂದ ಹೊಸಾ ಜೆಟ್, ಜಗದೇವ. ನಮ್ಮವರ ಜೆಟ್ಟಿನಾಗ ಬೆಸುಗಿ ಐತಂತ ಈ ತನಕ ನಾ ಯಾರಿಗೂ ಹೇಳಿಲ್ಲ.”